ಸುತ್ತೋಲೆ ತಪ್ಪಿದ ಮನೆ

ನಮ್ಮ ಸವಾನೊಕಿ ಜಪಾನಿನ ಹಳೆಯ ಹೆದ್ದಾರಿಯೊಂದರ ತಂಗುಪೇಟೆ. ಹಿಂದಿನ ಕಾಲದ ಪ್ರಯಾಣಿಕರು ಉಂಡು ಮಲಗಿ, ಕುದುರೆ ಬದಲಿಸಿ ಹೊರಡುತ್ತಿದ್ದ ಮನೆಗಳನ್ನು ಐವತ್ತು ವರ್ಷಗಳಿಂದ ಹಾಗೆಯೇ ಉಳಿಸಿಕೊಂಡು ಬಂದಿದ್ದೇವೆ. ಅವುಗಳಲ್ಲಿ ಮಸುಯಾ ಎಂಬ ಮನೆ ಈಗ ವಸ್ತುಸಂಗ್ರಹಾಲಯ. ಬೆಳಿಗ್ಗೆ ನಡುಮನೆಯ ಒಲೆಗುಂಡಿಗೆ ಬೆಂಕಿ ಹಾಕುವುದು, ಟಿಕೆಟ್ ಕೊಡುವುದು, ಬಂದವರಿಗೆ ಮನೆ ತೋರಿಸುವುದು ನನ್ನ ಕೆಲಸ. ಹೊಗೆ ತಾಗದಿದ್ದರೆ ತೊಲೆಗಳಿಗೆ ಹುಳು ಹಿಡಿಯುತ್ತದೆ.

ಕಳೆದ ಜೂನಿನಲ್ಲಿ ಅರವತ್ತರ ಆಸುಪಾಸಿನ ಗಂಡಸೊಬ್ಬ ಒಂಟಿಯಾಗಿ ಬಂದ. ಟಿಕೆಟ್ ತೆಗೆದುಕೊಂಡು, ಬೂಟು ಬಿಚ್ಚಿಟ್ಟು ಒಳಗೆ ನಡೆದ. ನಾನು ದಿನವೂ ಹೇಳುವುದನ್ನೇ ಹೇಳತೊಡಗಿದೆ.

"ಇದು ದೊಡ್ಡ ಮನುಷ್ಯರು ಬಂದಾಗ ಮಾತ್ರ ತೆಗೀತಿದ್ದ ಕೋಣೆ."

"ಇಲ್ಲಿ ಮೂಲಂಗಿ ಒಣಗಿಸ್ತಿದ್ರು," ಎಂದ.

"ಪುಸ್ತಕದಲ್ಲಿ ಹಾಗಿಲ್ಲ."

"ಪುಸ್ತಕ ಬರೆದೋರು ಆ ವಾಸನೆ ಕುಡಿದಿಲ್ಲ ಬಿಡಿ."

ಇಂಥವರು ತಿಂಗಳಿಗೊಬ್ಬರಾದರೂ ಬರುತ್ತಾರೆ. ಆತ ಹಿಂಬಾಗಿಲ ಕಡೆ ಹೋದ. ಅದರ ಮರದ ಅಗಳಿಯನ್ನು ಮೊದಲು ಮೇಲೆತ್ತಿ ಆಮೇಲೆ ಎಳೆಯಬೇಕು. ಬಂದವರೆಲ್ಲ ಎಳೆದೆಳೆದು ಸೋತು ನನ್ನನ್ನು ಕರೆಯುತ್ತಾರೆ. ಆತ ನೋಡದೆಯೇ ಕೈಯಿಟ್ಟು, ಎತ್ತಿ, ತೆರೆದ. ಆ ಅಗಳಿ ಅಷ್ಟು ಸಲೀಸಾಗಿ ತೆರೆಯುವುದು ಆ ಮನೆಯಲ್ಲಿ ಬೆಳೆದವರಿಗೆ ಮಾತ್ರ.

"ಮಕಾಬೆಯವರ ಕತ್ಸುಹಿಕೊ ಅಲ್ವಾ?" ಎಂದೆ.

"ಹೂಂ. ನೀನು ಹೊರಿಬೆಯವರ ಫುಮಿಯೆ. ಟಿಕೆಟ್ ಕೊಡುವಾಗ್ಲೇ ಗೊತ್ತಾಯ್ತು. ನಿಮ್ಮಪ್ಪನ ಥರಾನೇ ಹುಬ್ಬು ಗಂಟು ಹಾಕ್ಕೊಂಡು ಕೂತಿದ್ದೆ."

"ನಿನ್ನ ಮನೆಗೆ ನೀನೇ ಟಿಕೆಟ್ ತಗೊಂಡೆಯಾ?"

"ನೀನು ಕೇಳಿದೆ, ನಾನು ತಗೊಂಡೆ."

ನಾವಿಬ್ಬರೂ ಒಂದೇ ತರಗತಿಯಲ್ಲಿದ್ದವರು. ನಮಗೆ ಒಂಬತ್ತು ವರ್ಷವಾಗಿದ್ದಾಗ, ಯಾರೂ ಮನೆಯ ಮುಂಭಾಗ ಬದಲಿಸಬಾರದು, ಹೊರಗಿನವರಿಗೆ ಮಾರಬಾರದು ಎಂದು ಊರು ಒಟ್ಟಾಗಿ ತೀರ್ಮಾನಿಸಿತು. ಕತ್ಸುಹಿಕೊನ ಅಪ್ಪ ಒಪ್ಪಲಿಲ್ಲ. ಮರದ ಜಾಲಂಧ್ರ ಕಿತ್ತು, ಗಾಜು ಕೂರಿಸಿ, ಟೀವಿ ರಿಪೇರಿ ಅಂಗಡಿ ತೆರೆಯುವುದು ಅವರ ಆಸೆ. ಕೇರಿಯ ಮುಖ್ಯಸ್ಥರಾಗಿದ್ದ ನನ್ನಪ್ಪ ಜಗಳವಾಡಲಿಲ್ಲ. ಊರಿನ ಸುದ್ದಿಯ ಕಾಗದ ಸಿಕ್ಕಿಸಿ ಮನೆಯಿಂದ ಮನೆಗೆ ಸಾಗಿಸುವ ಸುತ್ತೋಲೆಯ ಹಲಗೆಯನ್ನು ಆ ಮನೆಗೆ ಕೊಡಬೇಡ ಎಂದು ನನಗೆ ಹೇಳಿದರು, ಅಷ್ಟೆ. ನಮ್ಮ ಮನೆಯಿಂದ ಹಲಗೆ ಒಯ್ಯುವುದು ನನ್ನ ಕೆಲಸವಾಗಿತ್ತು. ಒಂದು ವರ್ಷ ಪ್ರತಿ ಸೋಮವಾರ ಅದನ್ನು ಎದೆಗೆ ಅವುಚಿಕೊಂಡು ಮಸುಯಾದ ಮುಂದೆ ಹಾದು, ಅದರಾಚೆಯ ಮನೆಗೆ ಕೊಟ್ಟು ಬಂದೆ. ಊರಿನ ಯಾವ ಸುದ್ದಿಯೂ ಅವರಿಗೆ ಮುಟ್ಟಲಿಲ್ಲ. ಮರುವರ್ಷ ಮನೆಯನ್ನು ಊರಿಗೇ ಬಿಟ್ಟುಕೊಟ್ಟು ಅವರೆಲ್ಲ ನಗೋಯಾ ನಗರಕ್ಕೆ ಹೊರಟುಹೋದರು.

ಕತ್ಸುಹಿಕೊನನ್ನು ಒಲೆಗುಂಡಿಯ ಬಳಿ ಕೂರಿಸಿ ಚಹಾ ಕೊಟ್ಟೆ.

"ಹಲಗೇನ ನಿಮ್ಮನೆ ದಾಟಿಸ್ಕೊಂಡು ಹೋಗ್ತಿದ್ದೋಳು ನಾನೇ," ಎಂದೆ.

"ಗೊತ್ತು. ಅಪ್ಪ ಅದನ್ನ ತಲೆಗೇ ಹಚ್ಕೊಳ್ಳಲಿಲ್ಲ. ಅಮ್ಮನಿಗೆ ನಿನ್ನ ಹೆಜ್ಜೆ ಸಪ್ಪಳ ಗುರುತಿತ್ತು. ಸೋಮವಾರ ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲ ಹತ್ರ ನಿಂತಿರೋಳು. ನೀನು ದಾಟಿ ಹೋದ ಮೇಲೆ ಒಳಗೆ ಬರೋಳು."

"ತಪ್ಪಾಯ್ತು," ಎಂದೆ.

"ನಿನಗಾಗ ಒಂಬತ್ತು ವರ್ಷ."

"ಹೌದು. ಆದ್ರೂ ತಪ್ಪು."

ಅವನು ಇಲ್ಲ ಎನ್ನಲಿಲ್ಲ. ಚಹಾ ಮುಗಿಸಿ, ಅಮ್ಮ ಇನ್ನೂ ಇದ್ದಾಳೆ, ಎಂಬತ್ತೆಂಟು, ತನ್ನ ಜೊತೆಯಲ್ಲೇ ಇದ್ದಾಳೆ ಎಂದ. ನಾನು ಕೇಳಿದ ಮೇಲೆ ಫೋನ್ ಹಚ್ಚಿ ನನ್ನ ಕೈಗಿತ್ತ.

ಯಾರು ಎಂದು ತಿಳಿದ ಕೂಡಲೇ ಆ ಕಡೆಯಿಂದ, "ಓ, ದಾಟಿ ಹೋಗೋ ಹುಡುಗಿ. ಈಗಲಾದ್ರೂ ನನ್ನ ಮಗನ್ನ ಒಳಗೆ ಬಿಟ್ಟೆಯಾ?" ಎಂದಿತು ದನಿ.

"ಬಿಟ್ಟಿದ್ದೀನಿ ಅಮ್ಮ. ನೀವೂ ಬನ್ನಿ."

"ನನಗೆ ನಡೆಯೋಕಾಗಲ್ಲ."

"ಕಾರು ಬಾಗಿಲ ತನಕ ಬರುತ್ತೆ. ಅದು ನನಗೆ ಬಿಡಿ."

ಹೇಳಿದ್ದೇನೋ ಸುಲಭ. ನಮ್ಮ ಬೀದಿಯಲ್ಲಿ ಹಗಲು ಹೊತ್ತು ವಾಹನ ಓಡಿಸುವಂತಿಲ್ಲ. ಈ ಮನೆಗಳನ್ನು ನೋಡಿಕೊಳ್ಳುವ ಊರ ಸಮಿತಿಯ ಮುಂದೆ ಹೋದಾಗ ಅಧ್ಯಕ್ಷರು, "ಒಬ್ಬರಿಗೆ ಬಿಟ್ರೆ ನಾಳೆ ಎಲ್ಲರೂ ಕೇಳ್ತಾರೆ," ಎಂದರು.

"ಕೇಳೋರು ಕೇಳ್ಲಿ. ಆ ಮನೆಯೋರನ್ನ ಓಡಿಸಿದ್ದು ನಾವು. ಕಾರು ಬೇಡ ಅಂದ್ರೆ ನಾಳೆಯಿಂದ ಒಲೆಗೆ ಬೆಂಕಿ ನೀವೇ ಹಾಕಿ," ಎಂದೆ.

ಬೆಳಗಿನ ಜಾವ ಎದ್ದು ಬೂದಿ ಬಳಿಯಲು ಅವರಲ್ಲಿ ಯಾರಿಗೂ ಮನಸ್ಸಿರಲಿಲ್ಲ. ಅರ್ಧ ತಾಸಿಗೆ ಅನುಮತಿ ಸಿಕ್ಕಿತು.

ಅಕ್ಟೋಬರಿನಲ್ಲಿ ಕತ್ಸುಹಿಕೊ ಅಮ್ಮನನ್ನು ಕರೆತಂದ. ಪ್ರವಾಸಿಗಳು ಕಾರನ್ನು ಕಂಡು ಗೊಣಗುತ್ತ ಪಕ್ಕಕ್ಕೆ ಸರಿದರು. ನಾವಿಬ್ಬರೂ ಎತ್ತಿ ಒಳಗೆ ಕರೆದೊಯ್ಯುತ್ತೇವೆಂದರೆ ಆಕೆ ಒಪ್ಪಲಿಲ್ಲ.

"ಸಾಕು, ಇಲ್ಲಿಂದಲೇ ಕಾಣ್ತದೆ," ಎಂದು ಕಾರಿನ ಬಾಗಿಲು ತೆಗೆಸಿ, ನಾನು ಕೊಟ್ಟ ಚೆಸ್ಟ್‌ನಟ್ ಮಿಠಾಯಿ ತಿನ್ನುತ್ತ ಬಹಳ ಹೊತ್ತು ಮನೆಯನ್ನೇ ನೋಡಿದರು.

"ನಾವಿದ್ದಾಗ ಇಷ್ಟು ಚೊಕ್ಕಟವಾಗಿರಲಿಲ್ಲ. ಯಾರು ಒರೆಸೋದು?"

"ನಾನೇ ಅಮ್ಮ."

"ಚೆನ್ನಾಗಿ ಒರೆಸ್ತೀಯ," ಎಂದರು. ಆಮೇಲೆ ಇನ್ನೆರಡು ಮಿಠಾಯಿ ಕಟ್ಟಿಸಿಕೊಂಡು, ಬೆಟ್ಟದ ದಾರಿಯಲ್ಲಿ ಕತ್ತಲಾಗುವ ಮೊದಲೇ ಹೊರಡೋಣ ಎಂದು ಮಗನನ್ನು ಅವಸರಿಸಿದರು.