ಕೈಗೆ ಬಂದ ಜಡೆ

ವಯಸ್ಸಿಗೆ ಬಂದ ಮಗಳು ಬಾಗಿಲು ಹಾಕಿಕೊಂಡು ತಲೆ ಬಾಚಲು ಶುರು ಮಾಡಿದರೆ ಯಾವ ತಾಯಿಗೆ ತಾನೇ ಅನುಮಾನ ಬರುವುದಿಲ್ಲ? ಅದರಲ್ಲೂ ವರಲಕ್ಷ್ಮಮ್ಮನಂಥ ತಾಯಿಗೆ! ಹಾಲಿನವನು ಹಾಲು ಅಳೆದು ನಕ್ಕರೆ, ಇವತ್ತು ನೀರು ಸೇರಿಸಿದ್ದಾನೆ ಎನ್ನುವ ಹೆಂಗಸು ಆಕೆ. ನಗದೆ ಹೋದರೆ, ಜಾಸ್ತಿ ಸೇರಿಸಿದ್ದಾನೆ ಎನ್ನುತ್ತಾಳೆ.

ತೊರಪಲ್ಲಿ ಅಗ್ರಹಾರದಿಂದ ಎರಡು ಮೈಲಿ ಒಳಗೆ ಅವರ ಊರು. ಗಂಡ ನಾರಾಯಣಪ್ಪನಿಗೆ ಒಂದೂವರೆ ಎಕರೆ ಗುಲಾಬಿ ತೋಟ. ಒಬ್ಬಳೇ ಮಗಳು ಚಂದ್ರಲೇಖಾ, ಇಪ್ಪತ್ತೆರಡು ವರ್ಷದವಳು, ಹೊಸೂರಿನ ಹತ್ತಿರದ ಒಂದು ಕಂಪನಿಯಲ್ಲಿ ಫೋನಿನ ಬಿಡಿಭಾಗ ಜೋಡಿಸುವ ಕೆಲಸಕ್ಕೆ ಹೋಗುತ್ತಾಳೆ. ಊರಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ‘ಜಡೆ ಹುಡುಗಿ’ ಎಂದರೆ ಸಾಕು, ಎಲ್ಲರಿಗೂ ಗೊತ್ತಾಗುತ್ತದೆ. ಸೊಂಟ ದಾಟಿ ಇಳಿಯುವ ಆ ಜಡೆಯನ್ನು ಬೆಳೆಸಿದವಳು ವರಲಕ್ಷ್ಮಮ್ಮ. ಪ್ರತಿ ಶುಕ್ರವಾರ ಹರಳೆಣ್ಣೆ, ಸೀಗೆಪುಡಿ, ಸಾಂಬ್ರಾಣಿ ಹೊಗೆ ತಪ್ಪಿದ್ದಿಲ್ಲ. ಮದುವೆ ಮನೆಯಲ್ಲಿ ಯಾರಾದರೂ ಮಾತಾಡಿಸಿದರೆ, “ತಿರುಗೇ, ತೋರ್ಸೇ” ಎಂದು ಮಗಳನ್ನು ಬೆನ್ನು ಮಾಡಿ ನಿಲ್ಲಿಸುತ್ತಿದ್ದಳು. ಹುಡುಗಿಯ ಮುಖ ನೋಡುವುದು ಆಮೇಲಿನ ಮಾತು.

ಅಂಥ ಮಗಳು ಈಗ ಮೂರು ತಿಂಗಳಿಂದ ತಲೆ ಮುಟ್ಟಲು ಬಿಡುತ್ತಿಲ್ಲ.

“ನಾನೇ ಎಣ್ಣೆ ಹಾಕ್ಕೋತೀನಿ, ಬಿಡಮ್ಮ.”

“ಯಾಕೇ, ನನ್ ಕೈಗೇನಾಗೈತೆ?”

“ಏನೂ ಆಗಿಲ್ಲ. ಹೊತ್ತಾಯ್ತು, ಬಸ್ಸು ಬತ್ತದೆ.”

ಇಷ್ಟೇ ಮಾತು. ಮನೆಯಲ್ಲಿದ್ದರೆ ತಲೆಗೆ ಟವಲು, ಹೊರಗೆ ಹೊರಟರೆ ದುಪಟ್ಟ. ಕಂಪನಿಯಲ್ಲಂತೂ ಎಲ್ಲರಿಗೂ ಕ್ಯಾಪು. ವರಲಕ್ಷ್ಮಮ್ಮ ಒಲೆ ಊದುತ್ತಾ, ಹೂವು ಕಟ್ಟುತ್ತಾ ಮಗಳ ಕಡೆಯೇ ಒಂದು ಕಣ್ಣಿಟ್ಟಳು. ಕಣ್ಣಿಟ್ಟಷ್ಟೂ ಅನುಮಾನ ಬಲಿಯಿತು.

ಆಮೇಲೆ ಚೀಲ ಕಾಣೆಯಾಯಿತು.

ನಮ್ಮ ಕಡೆ ಹೆಂಗಸರು ಬಾಚುವಾಗ ಉದುರಿದ ಕೂದಲನ್ನು ಬಿಸಾಡುವುದಿಲ್ಲ. ಬೆರಳಿಗೆ ಸುತ್ತಿ, ಉಂಡೆ ಮಾಡಿ, ಹಿತ್ತಲ ಬಚ್ಚಲುಮನೆಯ ಗೋಡೆಗೂಡಿನಲ್ಲಿ ಇಡುತ್ತಾರೆ. ಕೂದಲಿನ ರಾಮಯ್ಯ ಮೊಪೆಡ್ಡಿನಲ್ಲಿ ಬಂದಾಗ ಅವನಿಗೆ ಕೊಟ್ಟು ಪಾತ್ರೆ ತೆಗೆದುಕೊಳ್ಳುತ್ತಾರೆ. ವರಲಕ್ಷ್ಮಮ್ಮ ತನ್ನ ನರೆಗೂದಲನ್ನು ಒಂದು ಚೀಲಕ್ಕೆ, ಮಗಳ ಉದ್ದ ಕೂದಲನ್ನು ಇನ್ನೊಂದು ಚೀಲಕ್ಕೆ ಹಾಕಿಡುತ್ತಿದ್ದಳು. ಮಗಳ ಚೀಲಕ್ಕೆ ಒಂದು ಇಡ್ಲಿ ಪಾತ್ರೆ ಖಂಡಿತ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದಳು. ಒಂದು ದಿನ ನೋಡಿದರೆ ನರೆಗೂದಲಿನ ಚೀಲ ಇದೆ, ಮಗಳದು ಇಲ್ಲ.

ಹೆಣ್ಣುಮಗಳ ಕೂದಲು ಬೇರೆಯವರ ಕೈಗೆ ಹೋಯಿತೆಂದರೆ ಮಾಟಕ್ಕೇ ಎಂದು ಆಕೆ ಬಂದುಹೋದವರನ್ನೆಲ್ಲ ಲೆಕ್ಕ ಹಾಕಿದಳು. ಮೊನ್ನೆ ಕರಿಬೇವು ಕೇಳಿಕೊಂಡು ಹಿತ್ತಲಿಗೆ ಬಂದವಳು ಯಾರು? ಪಕ್ಕದ ಮನೆಯ ಲಕ್ಷ್ಮಿದೇವಮ್ಮ. ಮೋಟು ಗೋಡೆಯ ಮೇಲಿಂದಲೇ ಜಗಳ ಶುರುವಾಯಿತು.

“ನಿನ್ ಮಗ್ಳ ಕೂದ್ಲು ತಗೊಂಡು ನಾನೇನು ಸಾರು ಮಾಡ್ಲಾ?” ಎಂದಳು ಲಕ್ಷ್ಮಿದೇವಮ್ಮ.

“ಏನ್ ಮಾಡ್ತೀಯ ಅಂತ ನಿಂಗೇ ಗೊತ್ತು!”

ಅವತ್ತಿನಿಂದ ಎರಡು ಮನೆಗೂ ಮಾತಿಲ್ಲ. ಮೂವತ್ತು ವರ್ಷ ಒಂದೇ ಬಾವಿಯ ನೀರು ಸೇದಿದ ಹೆಂಗಸರು ಮುಖ ತಿರುಗಿಸಿಕೊಂಡು ಓಡಾಡಿದರು.

ಚಂದ್ರಲೇಖಾ ಜಗಳವನ್ನೆಲ್ಲ ಕೇಳಿಸಿಕೊಂಡಳು, ತುಟಿ ಬಿಚ್ಚಲಿಲ್ಲ. ಹತ್ತು ದಿನ ಕಳೆದ ಮೇಲೆ ತಲೆಯ ಟವಲು ಇಳಿಯಿತು. ಜಡೆ ಮೊದಲಿನ ಹಾಗೇ ಬೆನ್ನ ಮೇಲೆ ತೂಗಿತು. ತಾಯಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಎಣ್ಣೆ ಕಾಣದ ಒಣ ಜಡೆ ಅದು. ಮಗಳು ಮಲಗುವಾಗ ಮತ್ತೆ ಟವಲು ಸುತ್ತಿಕೊಳ್ಳುತ್ತಾಳೆ, ಯಾಕೆ? ಸಾಲದ್ದಕ್ಕೆ ಶನಿವಾರ ದನದ ಕೊಟ್ಟಿಗೆಯ ಹಿಂದೆ ನಿಂತು ಫೋನಿನಲ್ಲಿ ಪಿಸುಗುಟ್ಟಿದ್ದು ಕಿವಿಗೆ ಬಿತ್ತು: “ಸರಿ ಅರುಣ್‌ಕುಮಾರಣ್ಣ, ನಾಳೆ ಬತ್ತೀನಿ. ನಮ್ಮನೇಲಿ ಯಾರ್ಗೂ ಗೊತ್ತಾಗ್ಬಾರ್ದು.”

ಅಣ್ಣ ಎಂದದ್ದನ್ನು ವರಲಕ್ಷ್ಮಮ್ಮ ನಂಬಲಿಲ್ಲ. ನೇರವಾಗಿ ತೋಟಕ್ಕೆ ನಡೆದಳು.

“ನೋಡಿ, ನಾಳಿದ್ದಿಂದ ಇವ್ಳಿಗೆ ಕಂಪನಿ ಬ್ಯಾಡ. ಅಂಚೆಟ್ಟಿಲಿ ನಮ್ಮಣ್ಣನ ಮನೇಗೆ ಕಳ್ಸಿಬುಡಿ. ಅಲ್ಲಿ ಬಸ್ಸೂ ಕಡ್ಮೆ, ಎಲ್ಗೂ ಓಡೋಗಕ್ಕಾಗಲ್ಲ.”

ನಾರಾಯಣಪ್ಪ ಗುಲಾಬಿಯ ಕ್ರೇಟು ಕೆಳಗಿಟ್ಟ. “ಮುಂದಿನ್ ತಿಂಗ್ಳು ಲೈನ್ ಲೀಡರ್ ಮಾಡ್ತಾರಂತೆ ಕಣೇ. ಎರಡು ವರ್ಷದಿಂದ ಅದಕ್ಕೇ ಕಷ್ಟ ಬಿದ್ದವ್ಳೆ. ಏನೂ ತಿಳ್ಕೊಳ್ದೆ ಹೆಂಗ್ ಬಿಡ್ಸೋದು?”

“ತಿಳ್ಕೊಳೋ ಹೊತ್ಗೆ ಹುಡ್ಗಿ ಮನೇಲಿರಲ್ಲ!”

ಈ ಮಾತಿಗೆ ನಾರಾಯಣಪ್ಪನೂ ಅರ್ಧ ಹೆದರಿದ. ಸೋಮವಾರ ಅಂಚೆಟ್ಟಿಗೆ ಕಳಿಸುವುದೆಂದು ತೀರ್ಮಾನವಾಯಿತು. ಮಗಳಿಗೆ ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ರುಕ್ಮಿಣಮ್ಮ ಬಂದಳು. ಮನೆ ಮನೆಗೆ ಹೋಗಿ ಬಿಪಿ ನೋಡಿ ಮಾತ್ರೆ ಕೊಡುವ ಆರೋಗ್ಯ ಕಾರ್ಯಕರ್ತೆ ಆಕೆ. ಅವತ್ತು ವರಲಕ್ಷ್ಮಮ್ಮನ ಬಿಪಿ ಏರಿ ಕೂತಿತ್ತು.

“ಏನಕ್ಕ ಇದು? ಮಾತ್ರೆ ನುಂಗ್ತಿಲ್ವಾ?”

“ಮಾತ್ರೆ ಏನ್ ಮಾಡ್ತದೆ, ಮಗ್ಳು ಹಿಂಗ್ ಮಾಡಿದ್ರೆ!” ಎಂದು ವರಲಕ್ಷ್ಮಮ್ಮ ಟವಲಿನಿಂದ ಹಿಡಿದು ಫೋನಿನ ತನಕ ಎಲ್ಲ ಒಪ್ಪಿಸಿದಳು.

“ಅವಳ್ನ ಕೇಳಿದ್ಯಾ?”

“ದಿನಾ ಕೇಳ್ತೀನಿ. ಬಾಯೇ ಬಿಡಲ್ಲ.”

“ತಾಯಿ ಥರ ಕೇಳಿದ್ಯಾ, ಪೊಲೀಸ್ನೋರ ಥರ ಕೇಳಿದ್ಯಾ?”

ಉತ್ತರ ಹೇಳುವಷ್ಟರಲ್ಲಿ ಚಂದ್ರಲೇಖಾ ಒಳಗಿನಿಂದ ಬಂದಳು. ಒಳ್ಳೆಯ ಚೂಡಿದಾರ, ಜಡೆಗೆ ತೋಟದ ಕೆಂಪು ಗುಲಾಬಿ. “ಹೊಸೂರ್ಗೆ ಹೋಗ್ಬತ್ತೀನಮ್ಮ” ಎಂದು ಹೊಸಿಲು ದಾಟಲು ಕಾಲೆತ್ತಿದಳು. ವರಲಕ್ಷ್ಮಮ್ಮನಿಗೆ ತಡೆಯಲಾಗಲಿಲ್ಲ. “ಎಲ್ಗೇ ಹೋಗ್ತೀಯ, ಯಾವೋನೇ ಅವ್ನು?” ಎಂದು ಎದ್ದವಳೇ ಹಿಂದಿನಿಂದ ಜಡೆ ಹಿಡಿದು ಎಳೆದಳು.

ಜಡೆ ಕೈಗೆ ಬಂತು.

ಗುಲಾಬಿಯ ಸಮೇತ, ಪಿನ್ನುಗಳ ಸಮೇತ, ಇಡೀ ಜಡೆ ತಾಯಿಯ ಕೈಯಲ್ಲಿ ತೂಗುತ್ತಿತ್ತು. ಮಗಳು ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಅಲ್ಲೇ ಕುಸಿದಳು. ಬೆರಳ ಸಂದಿಯಲ್ಲಿ ಕಂಡಿತು: ಹಿಂತಲೆಯಲ್ಲಿ ಬಿಲ್ಲೆ ಬಿಲ್ಲೆಯಾಗಿ ಕೂದಲೇ ಇಲ್ಲ, ಉಳಿದದ್ದನ್ನು ಚಿಕ್ಕ ಗಂಟು ಹಾಕಿದ್ದಳು. ಒಂದು ಕಡೆ ಚರ್ಮ ಕೆಂಪಗೆ ಸುಟ್ಟಿತ್ತು.

ರುಕ್ಮಿಣಮ್ಮ ಮೊದಲು ಬೀದಿ ಬಾಗಿಲು ಹಾಕಿದಳು. ಆಮೇಲೆ ಹುಡುಗಿಯ ಪಕ್ಕ ನೆಲದ ಮೇಲೆ ಕುಳಿತು, “ನೋಡ್ಲಾ ಕಂದ?” ಎಂದು ಕೇಳಿದಳು. ಚಂದ್ರಲೇಖಾ ನಿಧಾನವಾಗಿ ಕೈ ತೆಗೆದಳು.

“ಎಷ್ಟು ದಿನದಿಂದ?”

“ನಾಲ್ಕು ತಿಂಗ್ಳಿಂದ ಅಕ್ಕ. ಮೊದ್ಲು ಒಂದು ಬಿಲ್ಲೆ. ಬಜಾರಲ್ಲಿ ಅರುಣ್‌ಕುಮಾರ್ ಅಂತ ಚೌರಿ ಅಂಗಡಿಯೋರು, ಹದಿನೈದು ದಿನದಲ್ಲಿ ಕೂದ್ಲು ಬತ್ತದೆ ಅಂತ ಎಣ್ಣೆ ಕೊಟ್ರು. ಉರೀತು. ಉರಿದ್ರೇನೇ ಕೆಲ್ಸ ಮಾಡ್ತೈತೆ ಅಂದ್ರು. ಇವತ್ತು ಇನ್ನೊಂದು ಬಾಟ್ಲಿ ತರಕ್ಕೆ ಹೊಂಟಿದ್ದೆ.”

ವರಲಕ್ಷ್ಮಮ್ಮನಿಗೆ ಅಷ್ಟು ಹೊತ್ತಿಗೆ ನಾಲಿಗೆ ಬಂತು. “ಪುಳುವೆಟ್ಟು! ಹುಳ ತಿಂದೈತೆ. ಎಕ್ಕದ ಹಾಲು ಹಚ್ಚಿದ್ರೆ ಹುಳ ಸಾಯ್ತದೆ.”

“ಹುಳ ಇಲ್ಲಕ್ಕ. ಎಕ್ಕದ ಹಾಲು ಹಚ್ಚಿದ್ರೆ ಇರೋ ಚರ್ಮನೂ ಹೋಯ್ತದೆ.”

“ಹಂಗಾರೆ ಮಾಟಾನೇ.”

“ಮಾಟಾನೂ ಇಲ್ಲ. ಕೇಳಿಲ್ಲಿ. ನಮ್ ಮೈನಲ್ಲಿ ರೋಗದ ವಿರುದ್ಧ ಕಾವಲು ಕಾಯೋ ಶಕ್ತಿ ಐತೆ. ಕೆಲವರಿಗೆ ಅದು ದಿಕ್ಕು ತಪ್ಪಿ, ಸ್ವಂತ ಕೂದ್ಲಿನ ಬೇರನ್ನೇ ಶತ್ರು ಅಂದ್ಕೊಂಡು ಮೇಲೆ ಬೀಳ್ತದೆ. ಮನೇ ಕಾಯೋ ನಾಯಿ ಮನೆಯೋರ್ನೇ ಕಚ್ಚೋ ಹಂಗೆ. ನೋಡಿದ್ರೆ ಇದು ಅದೇ ಅನ್ಸ್ತದೆ. ಆದ್ರೂ ಡಾಕ್ಟ್ರೇ ನೋಡಿ ಹೇಳ್ಬೇಕು.”

ಮನೆಯವರನ್ನೇ ಕಚ್ಚುವ ಕಾವಲಿನ ಮಾತು ವರಲಕ್ಷ್ಮಮ್ಮನಿಗೆ ಎಲ್ಲೋ ಚುಚ್ಚಿತು. ಕೈಯಲ್ಲಿದ್ದ ಜಡೆಯನ್ನು ಈಗ ಸರಿಯಾಗಿ ನೋಡಿದಳು. ತನ್ನ ಬೆರಳುಗಳು ಇಪ್ಪತ್ತು ವರ್ಷ ಬಾಚಿದ ಕೂದಲು ಅದು, ಗುರುತು ಸಿಗದೆ ಇರುತ್ತದೆಯೇ?

“ಇದು ನಿನ್ ಕೂದ್ಲೇ ಅಲ್ವೇನೇ? ಆ ಚೀಲದ್ದು?”

“ಹೂಂ. ಗೂಡಿಂದ ನಾನೇ ತಗೊಂಡೆ. ಅದ್ರಲ್ಲೇ ಚೌರಿ ಮಾಡಿಸ್ದೆ. ಬೇರೆಯೋರ ಕೂದ್ಲಾದ್ರೆ ನೀನು ಕಂಡುಹಿಡೀತಿದ್ದೆ.”

“ನನ್ ಹತ್ರ ಹೇಳ್ಬಾರ್ದಿತ್ತಾ, ಚಂದ್ರ?”

ಚಂದ್ರಲೇಖಾ ತಾಯಿಯ ಮುಖ ನೋಡಿದಳು. “ಹೆಂಗಮ್ಮ ಹೇಳ್ಲಿ? ಹುಟ್ದಾಗಿಂದ ನೀನು ಎಲ್ಲರ್ಗೂ ನನ್ ಬೆನ್ನೇ ತೋರ್ಸಿದ್ದು. ಊರ್ಗೆಲ್ಲ ನಾನಂದ್ರೆ ಜಡೆ. ಅದೇ ಹೋದ್ಮೇಲೆ ನಾನು ಯಾರು ಅಂತ ನಂಗೇ ಗೊತ್ತಾಗ್ತಿರ್ಲಿಲ್ಲ. ಕನ್ನಡಿ ನೋಡಿದ್ರೆ ಯಾರೋ ಬೇರೆಯೋಳು ನಿಂತಂಗೆ ಇರ್ತಿತ್ತು.”

ವರಲಕ್ಷ್ಮಮ್ಮ ಅತ್ತಳು. ಮಗಳ ಕೂದಲು ಹೋದದ್ದಕ್ಕಲ್ಲ. ನಾಲ್ಕು ತಿಂಗಳು ಹುಡುಗಿ ಒಬ್ಬಳೇ ಇದನ್ನು ಹೊತ್ತಳಲ್ಲ, ತಾನು ಅಷ್ಟು ದಿನವೂ ಕಳ್ಳನನ್ನು ಹುಡುಕುತ್ತಿದ್ದೆನಲ್ಲ ಎಂದು ಅತ್ತಳು.

ಸೋಮವಾರ ಅಂಚೆಟ್ಟಿಯ ಬಸ್ಸು ಹತ್ತಲಿಲ್ಲ. ತಾಯಿ, ಮಗಳು, ರುಕ್ಮಿಣಮ್ಮ ಮೂವರೂ ಹೊಸೂರಿನ ಸರ್ಕಾರಿ ಆಸ್ಪತ್ರೆಗೆ ಹೋದರು. ಚರ್ಮದ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಇವಳಿಗೇನು ಗೊತ್ತಿರುತ್ತದೆ ಎಂದು ವರಲಕ್ಷ್ಮಮ್ಮನಿಗೆ ಅಲ್ಲೂ ಅನುಮಾನ. ಡಾಕ್ಟರಮ್ಮ ಭೂತಗನ್ನಡಿ ಹಿಡಿದು ನೋಡಿ, ರಕ್ತ ಪರೀಕ್ಷೆಗೆ ಬರೆದು, ತಮಿಳಿನಲ್ಲಿ ನಿಧಾನವಾಗಿ ಹೇಳಿದಳು. ರುಕ್ಮಿಣಮ್ಮ ಹೇಳಿದ್ದೇ ಸರಿ. ಇದು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಎಣ್ಣೆಯಿಂದ ಸುಟ್ಟ ಗಾಯ ಮೊದಲು ಮಾಯಬೇಕು, ಆಮೇಲೆ ಚಿಕಿತ್ಸೆ.

“ಕೂದ್ಲು ಬತ್ತದಾ ಮೇಡಂ?”

“ತುಂಬಾ ಜನಕ್ಕೆ ಬರುತ್ತೆ. ತಿಂಗಳುಗಟ್ಟಲೆ ಹಿಡಿಯುತ್ತೆ. ಬಂದದ್ದು ಮತ್ತೆ ಉದುರಲೂಬಹುದು. ಹದಿನೈದು ದಿನದಲ್ಲಿ ಬರಿಸ್ತೀನಿ ಅಂತ ನಾನು ಸುಳ್ಳು ಹೇಳಲ್ಲ.”

ಈ ಮಾತು ಕೇಳಿದ ಮೇಲೆ ವರಲಕ್ಷ್ಮಮ್ಮನಿಗೆ ಡಾಕ್ಟರಮ್ಮನ ಮೇಲೆ ನಂಬಿಕೆ ಬಂತು.

ಶುಕ್ರವಾರ ಬಂತು. ಚಂದ್ರಲೇಖಾ ತಾನಾಗಿ ಬಂದು ತಾಯಿಯ ಮುಂದೆ ಮಣೆ ಹಾಕಿ ಕುಳಿತಳು. ಕೈಯಲ್ಲಿ ಎಣ್ಣೆಯ ಬಟ್ಟಲಿರಲಿಲ್ಲ, ಕತ್ತರಿ ಇತ್ತು.

“ಉಳ್ದಿರೋದನ್ನೂ ಚಿಕ್ಕದು ಮಾಡಮ್ಮ. ಎಲ್ಲಾ ಒಂದೇ ಸಮಕ್ಕೆ. ಬಚ್ಚಿಟ್ಟು ಬಚ್ಚಿಟ್ಟು ಸಾಕಾಯ್ತು.”

ತುದಿಯ ಕೂದಲು ಕತ್ತರಿಸಲೂ ಯಾರಿಗೂ ಬಿಡದಿದ್ದ ಕೈ ಅದು. ಈಗ ತಾನೇ ಕತ್ತರಿ ಹಿಡಿಯಿತು. ಮುಗಿದ ಮೇಲೆ ಮಗಳು ಕನ್ನಡಿ ತೆಗೆದುಕೊಂಡು ಬಹಳ ಹೊತ್ತು ನೋಡಿಕೊಂಡಳು. “ಕಿವಿ ಅಪ್ಪಂದೇ” ಎಂದು ನಕ್ಕಳು. ತಿಂಗಳುಗಳ ಮೇಲೆ ಆ ಮನೆಯಲ್ಲಿ ಕೇಳಿದ ಮೊದಲ ನಗು.

ಅವತ್ತು ಸಂಜೆ ಹೆಂಗಸರ ಸಂಘದ ಸಭೆ. ಚಂದ್ರಲೇಖಾ ದುಪಟ್ಟವನ್ನು ಹೆಗಲ ಮೇಲೆ ಬಿಟ್ಟುಕೊಂಡು ಹೊರಟಳು. ಪಕ್ಕದಲ್ಲಿ ವರಲಕ್ಷ್ಮಮ್ಮ, ಯಾರು ನಗುತ್ತಾರೆ, ಯಾರು ಕಿವಿ ಕಚ್ಚುತ್ತಾರೆ ಎಂದು ಪ್ರತಿ ಬಾಗಿಲನ್ನೂ ದುರುಗುಟ್ಟಿ ನೋಡುತ್ತಾ ನಡೆದಳು. ಹುಟ್ಟುಗುಣ ಒಂದೇ ವಾರಕ್ಕೆ ಹೋಗುತ್ತದೆಯೇ? ದೇವಸ್ಥಾನದ ಜಗಲಿಯ ಹತ್ತಿರ ಎದುರಿಗೆ ಬಂದವಳು ಲಕ್ಷ್ಮಿದೇವಮ್ಮ. ಹುಡುಗಿಯನ್ನು ನೋಡಿ ಅವಳಿಗೆ ಮಾತು ಬಿಟ್ಟ ನೆನಪೇ ಹಾರಿತು.

“ಅಯ್ಯೋ, ಜಡೆ ಎಲ್ಲಮ್ಮ?”

ವರಲಕ್ಷ್ಮಮ್ಮ ಮಗಳ ಎರಡೂ ಭುಜ ಹಿಡಿದಳು. ಯಾವಾಗಲೂ ಬೆನ್ನು ತಿರುಗಿಸುತ್ತಿದ್ದ ಕೈಗಳು ಈ ಸಲ ಅವಳನ್ನು ನೇರವಾಗಿ ಮುಂದಕ್ಕೆ ನಿಲ್ಲಿಸಿದವು.

“ಮುಖ ನೋಡು ಲಕ್ಷ್ಮಿದೇವಿ. ಇವ್ಳು ನನ್ ಮಗ್ಳು ಚಂದ್ರಲೇಖಾ. ಬರೋ ತಿಂಗ್ಳು ಲೈನ್ ಲೀಡರ್ ಆಗ್ತಾವ್ಳೆ. ಜಡೆ ಬಂದ್ರೆ ಬರ್ಲಿ, ಬರ್ದಿದ್ರೆ ಬ್ಯಾಡ, ಇವ್ಳಂತೂ ನಮ್ಜೊತೆ ಅವ್ಳೆ.” ಆಮೇಲೆ ತಲೆ ತಗ್ಗಿಸಿ ಹೇಳಿದಳು: “ನಿನ್ ಮೇಲೆ ಇಲ್ದಿದ್ದು ಹೊರ್ಸಿದ್ದೆ. ತಪ್ಪಾಯ್ತು ಕಣೇ.”

ಲಕ್ಷ್ಮಿದೇವಮ್ಮ ಚಂದ್ರಲೇಖಾಳ ಕೆನ್ನೆ ಸವರಿದಳು. “ನಾಳೆ ಬಂದು ಕರಿಬೇವು ಕಿತ್ಕೊಂಡ್ ಹೋಯ್ತೀನಿ” ಎಂದಳು, ಅಷ್ಟೇ.

ಮುಂದಿನ ವಾರ ಕೂದಲಿನ ರಾಮಯ್ಯ ಬಂದು, ಗೋಡೆಯ ಮೊಳೆಗೆ ತೂಗುಹಾಕಿದ್ದ ಚೌರಿ ನೋಡಿ ಕಣ್ಣರಳಿಸಿದ. ಕೊಡೋಣವೇ ಎಂದು ವರಲಕ್ಷ್ಮಮ್ಮ ಮಗಳನ್ನು ಕೇಳಿದಳು. “ಇರ್ಲಮ್ಮ” ಎಂದಳು ಚಂದ್ರಲೇಖಾ. “ಹಾಕ್ಕೋಬೇಕು ಅನ್ಸಿದ್ ದಿನ ಹಾಕ್ಕೋತೀನಿ. ಯಾರಿಗೋ ಹೆದ್ರಿ ಅಲ್ಲ.” ರಾಮಯ್ಯ ನರೆಗೂದಲಿನ ಚೀಲಕ್ಕೆ ಒಂದು ಸೌಟು ಕೊಟ್ಟು ಹೋದ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರಾದರೂ ತಲೆ ಮುಚ್ಚಿಕೊಂಡು ಓಡಾಡುತ್ತಿರಬಹುದು. ಗಂಡಾಗಲಿ ಹೆಣ್ಣಾಗಲಿ, ಬೇಹುಗಾರಿಕೆ ಮಾಡಬೇಡಿ. ಪಕ್ಕದಲ್ಲಿ ಕುಳಿತು, ದನಿ ತಗ್ಗಿಸಿ ಕೇಳಿ. ಬಿಲ್ಲೆ ಬಿಲ್ಲೆಯಾಗಿ ಕೂದಲು ಉದುರಿದರೆ ಕಂಡವರು ಹೇಳಿದ ಎಣ್ಣೆಯನ್ನೂ ಗಿಡದ ಹಾಲನ್ನೂ ಹಚ್ಚಬೇಡಿ. ಕಾರಣಗಳು ಹಲವಿರುತ್ತವೆ, ಅದನ್ನು ಪರೀಕ್ಷೆ ಮಾಡಿ ಹೇಳಬೇಕಾದವರು ಡಾಕ್ಟರು. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಬೇಗ ಕರೆದುಕೊಂಡು ಹೋಗಿ. ಉದ್ದ ಜಡೆಯೋ, ಕ್ರಾಪೋ, ಬೋಳು ತಲೆಯೋ, ಅದು ಅವರವರ ತಲೆ, ಅವರವರ ಇಷ್ಟ.

ಇವತ್ತು ಸಂಜೆ ನಿಮ್ಮ ಮಗಳು ಮನೆಗೆ ಬಂದಾಗ ಒಂದು ಸಲ ಅವಳ ಮುಖವನ್ನು ಸರಿಯಾಗಿ ನೋಡಿ.