ಬಳ್ಳಿ ಕಿತ್ತ ದಿಬ್ಬ

ನಮ್ಮ ಮನೆಯಲ್ಲಿ ಮರಳಿಲ್ಲದ ಜಾಗವೇ ಇರಲಿಲ್ಲ. ಹಾಸಿಗೆಯಲ್ಲಿ ಮರಳು, ಲೋಟದ ತಳದಲ್ಲಿ ಮರಳು, ತುತ್ತು ಬಾಯಿಗಿಟ್ಟರೆ ಕರಕರ. ನಾನು ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವವಳು. ನನ್ನ ಹೊಲಿಗೆ ಮಿಷನ್ ವಾರಕ್ಕೊಮ್ಮೆ ಮುಷ್ಕರ ಹೂಡುತ್ತಿತ್ತು. ಬಿಚ್ಚಿ ನೋಡಿದರೆ ಒಳಗೆ ಹಿಡಿಯಷ್ಟು ಕಡಲ ತೀರ. ಸಮುದ್ರದ ದಡದಲ್ಲಿ ಮನೆ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದರಿಂದ ಎಲ್ಲರಿಗಿಂತ ಹೆಚ್ಚು ಸಂಕಟಪಟ್ಟವಳು ನಮ್ಮ ಅತ್ತಿಗೆ. ಹಿತ್ತಿಲ ಅಂಗಳದಲ್ಲಿ ಅವಳು ಮೀನು ಒಣಗಿಸುತ್ತಾಳೆ. ಅವಳ ಕೈಯ ಒಣಮೀನನ್ನು ಕಣ್ಣು ಮುಚ್ಚಿ ಕೊಳ್ಳಬಹುದು ಎಂದು ಪೇಟೆಯಲ್ಲೆಲ್ಲ ಹೆಸರು. ಶುಚಿತ್ವದ ವಿಷಯದಲ್ಲಿ ಅವಳು ಯಾರ ಮಾತನ್ನೂ ಕೇಳುವವಳಲ್ಲ. ಅವಳ ಮೀನಿನ ಮೇಲೆ ಕೂರಬೇಕಾದರೆ ನೊಣವೂ ಕಾಲು ತೊಳೆದುಕೊಂಡು ಬರಬೇಕು ಎಂದು ನಮ್ಮಣ್ಣ ತಮಾಷೆ ಮಾಡುತ್ತಾನೆ, ಅದೂ ಅವಳು ಇಲ್ಲದಾಗ.

ನಮ್ಮ ಅಂಗಳಕ್ಕೂ ಸಮುದ್ರಕ್ಕೂ ನಡುವೆ ಆಳೆತ್ತರದ ಮರಳಿನ ದಿಬ್ಬವಿದೆ. ಮೊದಲು ಅದರ ತುಂಬ ನೇರಳೆ ಹೂವಿನ ಬಳ್ಳಿ ಹಬ್ಬಿತ್ತು. ಬಳ್ಳಿಯ ಒಣ ಎಲೆಗಳು ಹಾರಿ ಮೀನಿನ ಮೇಲೆ ಬೀಳುತ್ತವೆ ಎಂದು ಎರಡು ವರ್ಷದ ಹಿಂದೆ ಅತ್ತಿಗೆ ಅಷ್ಟನ್ನೂ ಬುಡಸಮೇತ ಕಿತ್ತು ಸುಟ್ಟಳು. "ಈಗ ನೋಡು, ಎಷ್ಟು ಲಕ್ಷಣವಾಗಿದೆ!" ಎಂದಳು. ನಿಜ, ಬೋಳಿಸಿದ ತಲೆಯ ಹಾಗೆ ನುಣ್ಣಗಿತ್ತು. ಮರಳಿನ ಕಾಟ ಶುರುವಾದದ್ದು ಆಮೇಲೆಯೇ ಎಂಬುದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ, ಸುಳ್ಳೇಕೆ ಹೇಳಲಿ.

ಪಕ್ಕದ ಮನೆಯವಳು ಬಲೆ ಹೆಣೆಯುವವಳು. ದಿನವಿಡೀ ಕೂತೇ ಇರುವುದರಿಂದ ಎಲ್ಲರಿಗೂ ಆರಾಮಕ್ಕ. ಅವಳ ಹಿತ್ತಿಲ ದಿಬ್ಬದ ಮೇಲೆ ಬಳ್ಳಿ ತನಗೆ ಬೇಕಾದಷ್ಟು ಹಬ್ಬಿಕೊಂಡಿತ್ತು. "ಹಾವು ಸಾಕ್ತಿದ್ದೀಯಾ? ಕಿತ್ತು ಹಾಕಬಾರದಾ ಆ ಕಾಡನ್ನ?" ಎಂದು ಅತ್ತಿಗೆ ಒಮ್ಮೆ ಬೈದಿದ್ದಳು. "ಇರ್ಲಿ ಬಿಡಮ್ಮ. ಅದರ ಪಾಡಿಗೆ ಅದಿದೆ, ನನ್ನ ಪಾಡಿಗೆ ನಾನಿದ್ದೀನಿ" ಎಂದಿದ್ದಳು ಆರಾಮಕ್ಕ. ಅಷ್ಟಕ್ಕೇ ಇಬ್ಬರಿಗೂ ಮಾತು ನಿಂತು ಹೋಗಿತ್ತು.

ಒಂದು ದಿನ ಪೇಟೆಯ ವ್ಯಾಪಾರಿ ಎರಡು ಬುಟ್ಟಿ ಮೀನನ್ನು ವಾಪಸು ತಂದಿಟ್ಟ. "ಬೇಜಾರು ಮಾಡ್ಕೋಬೇಡಿ ಅಮ್ಮ. ಮೀನು ಅಗಿದರೆ ಹಲ್ಲಿಗೆ ಮರಳು ಸಿಗುತ್ತೆ ಅಂತಾರೆ ಜನ. ಇನ್ನೊಂದ್ಸಲ ಹೀಗಾದ್ರೆ ನಾನು ಬೇರೆ ಕಡೆ ನೋಡ್ಕೋಬೇಕಾಗುತ್ತೆ" ಎಂದು ಹೇಳಿ ಹೋದ. ಅತ್ತಿಗೆ ಅವತ್ತು ಊಟ ಮಾಡಲಿಲ್ಲ. ಇಪ್ಪತ್ತು ವರ್ಷ ಕಾಪಾಡಿಕೊಂಡು ಬಂದ ಹೆಸರು ಅದು. ರಾತ್ರಿಯವರೆಗೂ ಬುಟ್ಟಿಗಳ ಪಕ್ಕ ಕೂತು ಒಂದೊಂದೇ ಮೀನು ಎತ್ತಿ ಕೊಡವುತ್ತಿದ್ದಳು.

ಮಾರನೆಯ ದಿನ ಎದ್ದವಳೇ ತೀರ್ಮಾನ ಹೇಳಿದಳು. "ದಿಬ್ಬ ಇರೋದಕ್ಕೇ ತಾನೆ ಮರಳು ಬರೋದು? ದಿಬ್ಬಾನೇ ತೆಗೆಸಿಬಿಟ್ರೆ?"

ಆ ಮಾತು ನಮಗೆಲ್ಲ ಸರಿಯಾಗಿಯೇ ಕಂಡಿತು. ಅಣ್ಣ ದೋಣಿ ಇಂಜಿನ್ ರಿಪೇರಿ ಮಾಡುವವನು. ಅವನಿಗೆ ಮಣ್ಣು ತೆಗೆಯುವ ಯಂತ್ರದ ಡ್ರೈವರ್ ಪರಿಚಯ. ಶುಕ್ರವಾರ ಬೆಳಿಗ್ಗೆ ಬಾ ಎಂದು ಅವನಿಗೆ ಹೇಳಿಯೂ ಆಯಿತು.

ಬುಧವಾರ ನರ್ಸಮ್ಮ ಬಂದರು. ತಿಂಗಳಿಗೊಮ್ಮೆ ಮನೆಮನೆಯ ಬಾವಿ ನೀರನ್ನು ಪುಟ್ಟ ಬಾಟಲಿಯಲ್ಲಿ ಹಿಡಿದು ಪರೀಕ್ಷೆ ಮಾಡುವವರು ಅವರೇ.

"ಶುಕ್ರವಾರದಿಂದ ನಮಗೆ ಮರಳಿನ ಕಾಟ ಇರಲ್ಲ ನರ್ಸಮ್ಮ, ದಿಬ್ಬ ತೆಗೆಸ್ತಿದ್ದೀವಿ" ಎಂದಳು ಅತ್ತಿಗೆ.

ನರ್ಸಮ್ಮ ಬಾಟಲಿ ಕೆಳಗಿಟ್ಟರು. "ಬೇಡಮ್ಮ. ದಿಬ್ಬ ತೆಗೆಸಿದ್ರೆ ಮರಳಲ್ಲ, ಸಮುದ್ರಾನೇ ಅಂಗಳಕ್ಕೆ ಬರುತ್ತೆ."

"ಏನ್ ಹೇಳ್ತೀರಿ! ಸಮುದ್ರ ಎಲ್ಲಿ, ನಮ್ಮ ಅಂಗಳ ಎಲ್ಲಿ?"

"ದೊಡ್ಡ ಅಲೆ ಬಂದಾಗ ಅದರ ಏಟು ತಿನ್ನೋದು ಆ ದಿಬ್ಬ. ಒಂದಿಷ್ಟು ಮರಳನ್ನ ಸಮುದ್ರಕ್ಕೆ ಕೊಟ್ಟು ಅದನ್ನ ಅಲ್ಲೇ ಸಮಾಧಾನ ಮಾಡುತ್ತೆ. ಸಮುದ್ರ ತಣ್ಣಗಾದ ಮೇಲೆ ಅಲೆಗಳು ಆ ಮರಳನ್ನ ವಾಪಸ್ ದಡಕ್ಕೆ ತಂದು ಹಾಕುತ್ವೆ. ಗಾಳಿ ಅದನ್ನ ಮೇಲಕ್ಕೆ ತರುತ್ತೆ, ಬಳ್ಳಿ ಹಿಡ್ಕೊಳ್ಳುತ್ತೆ. ಬಳ್ಳಿ ಇಲ್ಲದಿದ್ರೆ ಹಿಡ್ಕೊಳ್ಳೋರು ಯಾರು? ನಿಮ್ಮ ಮನೆ."

ನಾನು ಫಕ್ಕನೆ ನಕ್ಕೆ. ಅತ್ತಿಗೆ ನನ್ನನ್ನು ದುರುಗುಟ್ಟಿಕೊಂಡು ನೋಡಿದಳು.

ನರ್ಸಮ್ಮ ಬಾವಿಯ ಕಡೆ ಕೈ ತೋರಿಸಿದರು. "ಈ ನೀರು ಸಿಹಿಯಾಗಿರೋದಕ್ಕೂ ಆ ದಿಬ್ಬದ ಸಹಾಯ ಇದೆ. ಅದರ ಹೊಟ್ಟೇಲಿ ಇಂಗಿದ ಮಳೆನೀರು ಸಮುದ್ರದ ಉಪ್ಪುನೀರನ್ನ ಆಚೆ ತಡೆದಿರುತ್ತೆ. ಕಡಲಾಮೆ ಬಂದು ಮೊಟ್ಟೆ ಇಡೋದೂ ದಿಬ್ಬದ ಬುಡದಲ್ಲೇ. ಒಂದು ದಿಬ್ಬ ತೆಗೆದ್ರೆ ಎಷ್ಟು ಸಂಸಾರ ಬೀದಿಗೆ ಬರುತ್ತೆ ನೋಡಿ."

"ಅದೆಲ್ಲ ಪುಸ್ತಕದ ಮಾತು. ಮರಳು ಹಿಡ್ಕೊಳ್ಳೋಕೆ ಬಳ್ಳಿಗೇನು ಕೈ ಇದ್ಯಾ?"

ನರ್ಸಮ್ಮ ವಾದ ಮಾಡಲಿಲ್ಲ. "ನಿಮ್ಮ ಹತ್ರ ಒಗೆದ ಬಿಳಿ ಬೆಡ್‌ಶೀಟ್ ಎರಡು ಇದ್ಯಾ?" ಎಂದರು.

"ಇದ್ಯಾ ಅಂತ ನನ್ನ ಕೇಳ್ತೀರಾ?" ಎಂದು ಅತ್ತಿಗೆ ಎದ್ದೇ ಬಿಟ್ಟಳು.

ಎರಡನ್ನೂ ಒದ್ದೆ ಮಾಡಿ, ಒಂದನ್ನು ನಮ್ಮ ಬೋಳು ದಿಬ್ಬದ ಹಿಂದೆ, ಇನ್ನೊಂದನ್ನು ಆರಾಮಕ್ಕನ ಬಳ್ಳಿ ದಿಬ್ಬದ ಹಿಂದೆ ಮಧ್ಯಾಹ್ನದ ಗಾಳಿಗೆ ಕಟ್ಟಬೇಕು, ಅಷ್ಟೇ ಪರೀಕ್ಷೆ. ಆರಾಮಕ್ಕನನ್ನು ಕೇಳಲು ಅತ್ತಿಗೆ ಹೋಗಲಿಲ್ಲ, ನನ್ನನ್ನು ಅಟ್ಟಿದಳು.

"ನಿಮ್ಮತ್ತಿಗೆ ಬೆಡ್‌ಶೀಟಾ? ನನ್ನ ಹಗ್ಗದ ಮೇಲಾ?" ಆರಾಮಕ್ಕ ಕೈಯಲ್ಲಿದ್ದ ಬಲೆಯನ್ನೇ ಕೆಳಗಿಟ್ಟಳು. "ಮೊದ್ಲು ಹಗ್ಗ ತೊಳೀಬೇಕೇನೆ?"

ಸಂಜೆ ಎರಡನ್ನೂ ತಂದು ಅಡುಗೆಮನೆಯ ನೆಲದ ಮೇಲೆ ಕೊಡವಿದೆವು. ನಮ್ಮದರಿಂದ ಮರಳು ಸುರಿದದ್ದು ಎಷ್ಟೆಂದರೆ, ಗುಡಿಸಿ ಒಟ್ಟು ಮಾಡಿದರೆ ಎರಡು ಬೊಗಸೆ. ಆರಾಮಕ್ಕನ ಮನೆಯದರಿಂದ ಬಿದ್ದದ್ದು ಒಂದು ಒಣ ಎಲೆ, ನಾಲ್ಕು ಕಾಳು ಮರಳು. ಅತ್ತಿಗೆ ಅದನ್ನು ಮತ್ತೆ ಕೊಡವಿದಳು. ತಿರುವಿ ಹಾಕಿ ಕೊಡವಿದಳು. ಅಂಚಿನ ಹೊಲಿಗೆಯನ್ನೂ ಉಗುರಿನಿಂದ ಕೆದಕಿ ನೋಡಿದಳು. ಆಮೇಲೆ ನೆಲದ ಮೇಲೆಯೇ ಕೂತುಬಿಟ್ಟಳು.

"ಹಾಗಾದ್ರೆ ಮರಳನ್ನ ಮನೆಗೆ ಕರ್ಕೊಂಡು ಬಂದವಳು ನಾನೇನೇ?"

ನಾನೂ ಪಕ್ಕದಲ್ಲಿ ಕೂತೆ. ಮೂರು ಹೊತ್ತು ಗುಡಿಸಿ ಗುಡಿಸಿ ಸೊಂಟ ಹಿಡಿಸಿಕೊಂಡಿದ್ದ ಹೆಂಗಸು ಅವಳು. ತಪ್ಪನ್ನು ಅಷ್ಟು ನೇರವಾಗಿ ಒಪ್ಪಿಕೊಂಡ ಅತ್ತಿಗೆಯ ಮೇಲೆ ಆ ಹೊತ್ತು ನನಗೆ ಬಂದ ಪ್ರೀತಿ ಅಷ್ಟಿಷ್ಟಲ್ಲ. "ಗೊತ್ತಿಲ್ದೆ ಮಾಡಿದ್ದು ಬಿಡು" ಎಂದು ಅವಳ ಕೈ ಹಿಡಿದುಕೊಂಡೆ.

ಶುಕ್ರವಾರ ಯಂತ್ರ ಗುಡುಗುಡು ಎನ್ನುತ್ತ ಬಂತು. "ಅಕ್ಕಾ, ಎಲ್ಲಿಂದ ಶುರು ಮಾಡ್ಲಿ?" ಎಂದ ಡ್ರೈವರ್. "ಎಲ್ಲಿಂದಲೂ ಬೇಡಪ್ಪ. ಹಾಗೇ ಹಿಂದಕ್ಕೆ ತಗೋ. ಜೋಪಾನ, ದಿಬ್ಬ ತುಳೀಬೇಡ" ಎಂದಳು ಅತ್ತಿಗೆ. ಅವನು ಅಣ್ಣನ ಮುಖ ನೋಡಿದ. ಅಣ್ಣ ಎಂದಿನಂತೆ ಆಕಾಶ ನೋಡಿದ.

ಮಳೆಗಾಲ ಶುರುವಾಗುವಾಗ ಬಳ್ಳಿ ನೆಡಿ ಎಂದು ನರ್ಸಮ್ಮ ಹೇಳಿಕೊಟ್ಟಿದ್ದರು. ತೋಳುದ್ದದ ತುಂಡು ಕತ್ತರಿಸಿ, ಎರಡು ಮೂರು ಗಿಣ್ಣು ಮರಳಿನೊಳಗೆ ಹೋಗುವಂತೆ ಓರೆಯಾಗಿ ಹೂಳಬೇಕು. ಸುತ್ತ ಗೂಟ ನೆಟ್ಟು ಹಳೆಯ ಬಲೆ ಕಟ್ಟಬೇಕು. ಎಲ್ಲರೂ ಓಡಾಡಲು ಒಂದೇ ಕಾಲುದಾರಿ ಬಿಡಬೇಕು. ಎಲ್ಲ ಸರಿ, ಆದರೆ ನೆಡಲು ಬಳ್ಳಿ ಎಲ್ಲಿಂದ ತರುವುದು? ಮೊದಲ ಮಳೆ ಬಿದ್ದ ದಿನ ನಾವೆಲ್ಲ ಪಕ್ಕದ ಮನೆಯ ಗೋಡೆಯನ್ನು ನೋಡುತ್ತ ನಿಂತೆವು.

ಈ ಸಲ ಅತ್ತಿಗೆ ತಾನೇ ಹೋದಳು. ನಾನು ಹಿಂದೆಯೇ ಹೋದೆ, ತಮಾಷೆ ತಪ್ಪಿಸಿಕೊಳ್ಳಲು ನಾನೇನು ದಡ್ಡಿಯೇ? ಅತ್ತಿಗೆ ಬಾಗಿಲಲ್ಲೇ ನಿಂತು ಸೆರಗು ಸರಿಮಾಡಿಕೊಂಡಳು. ಆರಾಮಕ್ಕ ಬಲೆಯಿಂದ ತಲೆ ಎತ್ತದೆ ಕೇಳಿದಳು. "ಕತ್ತಿ ತಂದಿದ್ದೀಯಾ, ಇಲ್ಲಾ ನಂದೇ ಕೊಡ್ಲಾ?"

ಅವಳು ಬಲೆ ಬಿಟ್ಟು ಎದ್ದು ಬಂದು, ದಟ್ಟವಾಗಿದ್ದ ಕಡೆಗಳಲ್ಲೆಲ್ಲ ಒಂದೊಂದು ಕುಡಿ ಕತ್ತರಿಸಿ ಕೊಟ್ಟಳು. ಆಮೇಲೆ ನಮ್ಮ ದಿಬ್ಬದ ಮೇಲೆ ಮಂಡಿಯೂರಿ ಇಬ್ಬರೂ ಸೇರಿ ನೆಟ್ಟರು. "ಅಷ್ಟು ಸಾಲಾಗಿ ಬೇಡ್ವೇ, ಅದೇನು ಪಾತ್ರೆ ಜೋಡಿಸೋದಾ?" ಎಂದು ಆರಾಮಕ್ಕ ಅತ್ತಿಗೆಯನ್ನು ಬೈಯುತ್ತಿದ್ದಳು. ಅತ್ತಿಗೆ ಕೇಳುತ್ತಿದ್ದಳು, ನಂಬಿ!

ಎಲ್ಲವೂ ಬದುಕಲಿಲ್ಲ. ಅರ್ಧಕ್ಕರ್ಧ ಒಣಗಿದವು, ಮತ್ತೆ ನೆಟ್ಟೆವು. ಬಳ್ಳಿ ಹಬ್ಬುವವರೆಗೆ ಮೀನನ್ನು ಮನೆಯ ಮುಂಭಾಗದಲ್ಲಿ, ಎತ್ತರದ ತಟ್ಟಿಯ ಮೇಲೆ ಒಣಗಿಸಿದಳು ಅತ್ತಿಗೆ. ವ್ಯಾಪಾರಿ ಬುಟ್ಟಿ ಹೊತ್ತುಕೊಂಡು ಹೋದವನು ವಾಪಸು ತರಲಿಲ್ಲ. ಮುಂದಿನ ಬೇಸಿಗೆಗೆ ದಿಬ್ಬ ಹಸಿರಾಯಿತು.

ಆಮೇಲಿನ ಮಳೆಗಾಲದ ಒಂದು ಮಧ್ಯಾಹ್ನ ಸಮುದ್ರ ಉಕ್ಕಿತು. ನಾವು ಅಷ್ಟು ದೊಡ್ಡ ಅಲೆಗಳನ್ನು ಕಂಡಿರಲಿಲ್ಲ. ನಾನು, ಅತ್ತಿಗೆ, ಆರಾಮಕ್ಕ ಕೈಕೈ ಹಿಡಿದು ಅಂಗಳದಲ್ಲಿ ನಿಂತಿದ್ದೆವು. ದಿಬ್ಬದ ಆಚೆಯ ಮಗ್ಗುಲು ಕುಸಿದು ನೀರಿಗೆ ಹೋಯಿತು. ಬಳ್ಳಿಯ ಬೇರುಗಳು ದಾರದಂತೆ ಜೋತು ಬಿದ್ದವು. ಸಂಜೆ ನೀರು ಇಳಿದಾಗ ಈಚೆಯ ಅರ್ಧ ದಿಬ್ಬ ನಿಂತೇ ಇತ್ತು. ಅಂಗಳಕ್ಕೆ ಕಡಲ ನೀರು ಬಂದಿರಲಿಲ್ಲ, ಬಾವಿಯ ನೀರು ಸಿಹಿಯಾಗಿಯೇ ಇತ್ತು. ಅತ್ತಿಗೆ ಆರಾಮಕ್ಕನ ಭುಜಕ್ಕೆ ಮುಖ ಒತ್ತಿಕೊಂಡು ಅತ್ತಳು. ದಿಬ್ಬ ತೆಗೆಸಿದ್ದರೆ ಆ ಅಲೆ ಆರಾಮಕ್ಕನ ಮನೆಯನ್ನೂ ಬಿಡುತ್ತಿರಲಿಲ್ಲ ಎಂಬುದು ಅವಳಿಗೆ ಆಗ ಅರ್ಥವಾಗಿತ್ತು.

ದಡದಲ್ಲಿ ಮನೆ ಮಾಡಿಕೊಂಡಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಇವತ್ತೇ ನಿಮ್ಮ ಹಿತ್ತಿಲಿಗೆ ಹೋಗಿ ನೋಡಿ. ದಿಬ್ಬದ ಮರಳನ್ನು ಮನೆ ಕಟ್ಟಲು ಒಯ್ಯಬೇಡಿ, ಅದರ ಮೇಲೆ ಗಾಡಿ ಓಡಿಸಬೇಡಿ. ಬಳ್ಳಿ ಕಿತ್ತು ಹಾಕಿದ್ದರೆ ನಾಚಿಕೊಳ್ಳದೆ ಪಕ್ಕದ ಮನೆಯ ಬಾಗಿಲು ತಟ್ಟಿ, ಒಂದು ಕುಡಿ ಕೇಳಿ. ಬಳ್ಳಿ ಇನ್ನೂ ಇದ್ದರೆ ನಿಮ್ಮ ಕೆಲಸ ಬಹಳ ಸುಲಭ, ಅದನ್ನು ಅದರ ಪಾಡಿಗೆ ಬಿಡಿ. ನಿಮ್ಮ ದಿಬ್ಬದಲ್ಲಿ ಕಂಡಿ ಬಿದ್ದರೆ ಸಮುದ್ರ ಬರುವುದು ನಿಮ್ಮೊಬ್ಬರ ಮನೆಗಲ್ಲ.