ಕೊಳಲಿಗೆ ಹೊಂದದ ಕ್ಯಾಸೆಟ್ಟು

ಕೊಳಲಿನವನು ಮತ್ತೊಮ್ಮೆ ಕೊಳಲನ್ನು ತುಟಿಯಿಂದ ತೆಗೆದು ತಲೆಯಾಡಿಸಿದಾಗ ಟೀಚರ್ ಕುರ್ಚಿಯಲ್ಲಿ ಕುಸಿದು ಕೂತರು. ಅವರಿಗೆ ಸಿಟ್ಟು ಬರಬೇಕಿತ್ತು. ಆದರೆ ಸಿಟ್ಟು ಮಾಡಿಕೊಳ್ಳುವುದಕ್ಕೂ ತ್ರಾಣ ಬೇಕಲ್ಲ. ಅರವತ್ತು ದಾಟಿದ ಮೇಲೆ ಅದನ್ನೂ ನೋಡಿಕೊಂಡು ಖರ್ಚು ಮಾಡಬೇಕಾಗುತ್ತದೆ.

"ಕೂರ್ತಾ ಇಲ್ಲ ಟೀಚರ್," ಎಂದ ಅವನು. "ನಿಮ್ಮ ಕ್ಯಾಸೆಟ್ಟು ಹೆಚ್ಚು ಕಡಿಮೆ ಒಂದು ಸ್ವರ ಕೆಳಗಿದೆ. ಪೂರ್ತಿ ಒಂದು ಸ್ವರ ಆಗಿದ್ರೆ ಬೇರೆ ಕೊಳಲು ತರಬಹುದಿತ್ತು. ಇದು ಅಲ್ಲೂ ಇಲ್ಲ, ಇಲ್ಲೂ ಇಲ್ಲ."

"ನಿನ್ನ ಕೊಳಲೇ ಮೇಲಿರಬೇಕು."

ಅವನು ಪಾಪ, ವಾದಕ್ಕಿಳಿಯಲಿಲ್ಲ. ಮೊಬೈಲು ತೆಗೆದು, ಅದರ ಮುಂದೆ ಒಂದು ಸ್ವರ ಊದಿದ. ಪರದೆಯ ಮೇಲಿನ ಮುಳ್ಳು ಸರಿಯಾಗಿ ನಡುವೆ ಬಂದು ನಿಂತಿತು. ಎಲ್ಲ ಕಡೆಯೂ ವಾದ್ಯಗಳನ್ನು ಕೂಡಿಸುವ ಶ್ರುತಿ ಅದೇ ಎಂದ.

ಟೀಚರ್ ಪ್ರತಿ ವರ್ಷ ತಮ್ಮ ನೃತ್ಯ ಶಾಲೆಯ ವಾರ್ಷಿಕೋತ್ಸವದ ಕೊನೆಗೆ ಒಬ್ಬರೇ ಒಂದು ನೃತ್ಯ ಮಾಡುತ್ತಿದ್ದರು. ಅದರ ಸಂಗೀತ ಅವರ ಹರೆಯದಲ್ಲಿ ರೆಕಾರ್ಡ್ ಆದದ್ದು, ನುಡಿಸಿದವರಲ್ಲಿ ಅರ್ಧ ಜನ ಈಗ ಇಲ್ಲ. ಮೊನ್ನೆ ಮಷೀನು ಆ ಕ್ಯಾಸೆಟ್ಟಿನ ನಡುವಿನ ಒಂದಷ್ಟು ಟೇಪನ್ನು ಅಗಿದು ಉಗಿದಿತ್ತು. ಹಾಳಾದ ಭಾಗಕ್ಕೆ ಕೊಳಲು ಊದಿಸಿ ತೇಪೆ ಹಾಕೋಣವೆಂದು ಇವನನ್ನು ಕರೆಸಿದ್ದರು.

"ಹಳೇ ರೆಕಾರ್ಡಿಂಗಲ್ಲಿ ಇದು ಮಾಮೂಲಿ," ಎಂದ ಕೊಳಲಿನವನು. "ನುಡಿಸಿದವರೇ ಕೆಳಗಿನ ಶ್ರುತಿ ಇಟ್ಕೊಂಡಿರ್ತಾರೆ. ಇಲ್ಲ, ರೆಕಾರ್ಡ್ ಮಾಡೋವಾಗ ಮಷೀನು ಜೋರಾಗಿ ಓಡಿರುತ್ತೆ. ಅದೂ ಇಲ್ಲ ಅಂದ್ರೆ, ಈಗ ಹಾಕ್ತಿರೋ ಮಷೀನು ನಿಧಾನ ಓಡ್ತಿರುತ್ತೆ. ಟೇಪು ನಿಧಾನ ಆದ್ರೆ ತಾಳದ ಜೊತೆಗೆ ಶ್ರುತಿನೂ ಇಳಿಯುತ್ತಲ್ಲ. ಇನ್ನೊಂದು ಪ್ರತಿ ಇದ್ರೆ ಹಾಕಿ ನೋಡಬಹುದು."

"ಇನ್ನೊಂದು ಪ್ರತಿ ಇಲ್ಲ," ಎಂದ ಮಷೀನಿನ ಪಕ್ಕದಲ್ಲಿದ್ದ ತಮ್ಮ. ಅಕ್ಕ ಶಾಲೆ ತೆರೆದ ದಿನದಿಂದ ಆ ಮಷೀನಿನ ಗುಂಡಿ ಒತ್ತಿದವನು ಅವನೇ, ಬೇರೆಯವರು ಕೈಯಿಟ್ಟರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

"ಇದೆಯಲ್ಲೋ," ಎಂದರು ಟೀಚರ್. "ನಿನ್ನ ಮಗಳ ಹತ್ರ. ಚಿಕ್ಕವಳಿದ್ದಾಗ ಕಾಪಿ ಮಾಡ್ಕೊಂಡಿದ್ಲು, ಮರೆತೆಯಾ?"

ತಮ್ಮ ತಿರುಗಿ, ಮಷೀನಿನ ಮೇಲಿಲ್ಲದ ಧೂಳನ್ನು ಒರೆಸುತ್ತ ನಿಂತ.

ತಮ್ಮನ ಮಗಳು ಗುಬ್ಬಿ ಎರಡು ಬೀದಿ ಆಚೆ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಒಂದು ಕಾಲದಲ್ಲಿ ಶಾಲೆಯ ಕಣ್ಮಣಿ. ಅತ್ತೆಯ ನಂತರ ಆ ನೃತ್ಯ ಇವಳದೇ ಎಂದು ಎಲ್ಲರೂ ಮಾತಾಡಿಕೊಂಡಿದ್ದರು. ಮಾತಾಡಿಕೊಂಡದ್ದಷ್ಟೇ ಬಂತು. ಮರುದಿನ ಬೆಳಿಗ್ಗೆ ಅತ್ತೆ ಬಂದು ಕೇಳಿದಾಗ ಅವಳು ಮನೆಗೆ ಹೋಗಿ ಅಟ್ಟ ಹುಡುಕಿ ಪುಟ್ಟ ಟೇಪ್ ರೆಕಾರ್ಡರನ್ನೇ ಹೊತ್ತು ತಂದಳು.

"ಕ್ಯಾಸೆಟ್ಟು ಇದರೊಳಗೇ ಇದೆ ಅತ್ತೆ. ಅವತ್ತಿಂದ ತೆಗೆದಿಲ್ಲ."

ಯಾವತ್ತಿನಿಂದ ಎಂದು ಟೀಚರ್ ಕೇಳಲಿಲ್ಲ. ಅವಳೂ ಹೇಳಲಿಲ್ಲ. ಅತ್ತೆ ಸೊಸೆ ಹಬ್ಬ ಹರಿದಿನ, ಮಕ್ಕಳ ಜ್ವರ, ಎಲ್ಲವನ್ನೂ ಮಾತಾಡುತ್ತಿದ್ದರು, ಕುಣಿತದ ಸುದ್ದಿಯೊಂದನ್ನು ಬಿಟ್ಟು.

ಗುಬ್ಬಿಯನ್ನು ಅಂಗಡಿಯಲ್ಲೇ ಬಿಟ್ಟು, ಅದನ್ನು ಶಾಲೆಯ ಹಾಲ್‌ಗೆ ತಂದು ಹಾಕಿದಾಗ ಟೀಚರ್ ಮೂಗು ಮುರಿದರು. "ಇದೇನಿದು, ಬಸ್ ತಪ್ಪಿಹೋಗುತ್ತೆ ಅನ್ನೋ ಹಾಗೆ ಓಡ್ತಿದೆ! ಮಷೀನು ಕೆಟ್ಟಿದೆ."

ಕೊಳಲಿನವನು ಕೊಳಲೆತ್ತಿ ಊದಿದ. ಟೇಪಿನಲ್ಲಿದ್ದ ಕೊಳಲೂ ಕೈಯಲ್ಲಿದ್ದ ಕೊಳಲೂ ಒಂದಕ್ಕೊಂದು ಅಂಟಿಕೊಂಡವು, ಯಾವುದು ಯಾವುದೆಂದು ತಿಳಿಯದ ಹಾಗೆ. "ಸರಿಯಾದ ಶ್ರುತಿ ಇದು ಟೀಚರ್. ಕೆಟ್ಟಿರೋದು ನಿಮ್ಮ ದೊಡ್ಡ ಮಷೀನು," ಎಂದ.

ಟೀಚರ್ ಎದ್ದರು. ಟೇಪನ್ನು ಮೊದಲಿಂದ ಹಾಕಿಸಿ ಕುಣಿದರು. ಮೊದಲ ಸುತ್ತಿನಲ್ಲಿ ಕೈ ಬಂತು, ಕಾಲು ಬರಲಿಲ್ಲ. ಎರಡನೆಯ ಸುತ್ತಿನ ಹೊತ್ತಿಗೆ ಸಂಗೀತ ಎಲ್ಲೋ ಮುಂದೆ ಹೋಗಿತ್ತು. ಏದುಸಿರು ಬಿಡುತ್ತ ಗೋಡೆ ಹಿಡಿದು ನಿಂತರು. ಜೀವಮಾನವೆಲ್ಲ ಕುಣಿದ ನೃತ್ಯ ಅದು. ಕೊಳಲಿನವನಿಗೆ ಏನನಿಸಿತೋ, ಬೀಡಾ ಹಾಕಿಕೊಂಡು ಬರುತ್ತೇನೆಂದು ಹೊರಗೆ ನಡೆದ.

ಆಗ ಅವರಿಗೆ ಗುಬ್ಬಿಯನ್ನು ಆಚೆ ಹಾಕಿದ ದಿನ ನೆನಪಾಯಿತು. ಹುಡುಗಿ ಪ್ರತಿ ಹೆಜ್ಜೆಯನ್ನೂ ತಾಳಕ್ಕಿಂತ ಮೊದಲೇ ಇಡುತ್ತಿದ್ದಳು. "ಅತ್ತೆ, ಟೇಪೇ ನಿಧಾನ ಇದೆ" ಎಂದಿದ್ದಳು. ಕಲಿಯುವವಳು ಟೇಪಿಗೆ ಬುದ್ಧಿ ಹೇಳುವುದೇ! ಅವಳು ಅಳುತ್ತ, "ಅಪ್ಪಾ, ನೀನಾದ್ರೂ ಹೇಳು" ಎಂದು ತಿರುಗಿದ್ದಳು. ಅಪ್ಪ, "ಮಷೀನು ಸರಿಯಾಗೇ ಇದೆ ಕಣಮ್ಮ" ಎಂದಿದ್ದ. ತಾಳಜ್ಞಾನ ಇಲ್ಲದವಳು ಇದನ್ನು ಕುಣಿಯುವುದು ಬೇಡ ಎಂದು ಟೀಚರ್ ಎಲ್ಲರೆದುರು ಹೇಳಿಬಿಟ್ಟಿದ್ದರು.

"ಯಾವಾಗಿಂದ ಮಷೀನು ನಿಧಾನ ಮಾಡ್ತಿದ್ದೀಯ?" ಎಂದು ತಮ್ಮನತ್ತ ತಿರುಗಿ ಕೇಳಿದರು.

ತಮ್ಮ ಸುಳ್ಳು ಹೇಳುವ ಗೋಜಿಗೆ ಹೋಗಲಿಲ್ಲ. ಅವನಿಗೂ ಸಾಕಾಗಿತ್ತು. "ನಿನ್ನ ಮಂಡಿ ಆಪರೇಷನ್ ಆದ ವರ್ಷದಿಂದ. ಮೋಟಾರಿನ ಹಿಂದೆ ಒಂದು ಸ್ಕ್ರೂ ಇದೆ ಅಕ್ಕ. ವರ್ಷಕ್ಕೊಂದ್ಸಲ, ಕೂದಲೆಳೆಯಷ್ಟು ತಿರುಗಿಸ್ತಿದ್ದೆ. ನಿಂಗೆ ಗೊತ್ತೇ ಆಗ್ತಿರಲಿಲ್ಲ. ವಯಸ್ಸಾದ್ರೂ ಆಯಾಸವೇ ಆಗಲ್ಲ ಅಂತ ನೀನು ಖುಷಿಯಾಗಿದ್ದೆ. ಕುಣಿಯೋದು ನಿಲ್ಲಿಸಿದ್ರೆ ನೀನು ಉಳೀತಿರಲಿಲ್ಲ."

"ನಿನ್ನ ಮಗಳು ನಿನ್ನನ್ನೇ ಕೇಳಿದ್ಲಲ್ಲೋ."

"ಹೂಂ."

"ಮನೇಲಿ ಅವಳು ಸರಿಯಾಗಿ ಅಭ್ಯಾಸ ಮಾಡೋದು ದಿನಾ ನಿನ್ನ ಕಿವಿಗೆ ಬೀಳ್ತಿತ್ತು."

"ಬೀಳ್ತಿತ್ತು. ಅವಳಿನ್ನೂ ಚಿಕ್ಕವಳು, ಬೇರೆ ಏನಾದ್ರೂ ಮಾಡ್ಕೋತಾಳೆ ಅಂದ್ಕೊಂಡೆ. ನಿಂಗೆ ಇದು ಬಿಟ್ರೆ ಇನ್ನೇನಿತ್ತು?"

ಟೀಚರಿಗೆ ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು, ಅವನ ಹೆಗಲಿಗೆ ತಲೆಯಿಟ್ಟು ಅಳಬೇಕೆಂದೂ ಅನಿಸಿತು. ಎರಡಕ್ಕೂ ಕೈಕಾಲಿನಲ್ಲಿ ಕಸುವಿರಲಿಲ್ಲ. ತಾನು ಈ ವರ್ಷ ಕುಣಿಯುವುದಿಲ್ಲ, ಸ್ಕ್ರೂ ಸರಿ ಮಾಡಿಡು ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿಕೊಂಡರು. ಗುಬ್ಬಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಬೇಕು, ಒಂದಕ್ಷರವನ್ನೂ ಬಚ್ಚಿಡಬಾರದು ಎಂದು ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡರು. ಅವರು ಹೊರಟಾಗ ತಮ್ಮ ಹಾಲ್‌ನ ಬಾಗಿಲವರೆಗೆ ಬಂದು ನಿಂತಿದ್ದ. ತಡೆಯಲಿಲ್ಲ.

ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಗುಬ್ಬಿ ಯಾರದೋ ಕನ್ನಡಕದ ಕಡ್ಡಿ ಬಿಗಿ ಮಾಡುತ್ತಿದ್ದಳು.

"ಅವತ್ತು ನಿನ್ನ ಹೆಜ್ಜೆ ಸರಿಯಾಗಿತ್ತು ಕಣೇ," ಎಂದರು ಟೀಚರ್ ನಿಂತಲ್ಲಿಂದಲೇ. "ನೀನು ಹೇಳಿದ್ದು ನಿಜ. ಟೇಪೇ ನಿಧಾನ ಇತ್ತು. ತಪ್ಪಿದವಳು ನಾನು."

ಗುಬ್ಬಿ ಕನ್ನಡಕವನ್ನು ಬಟ್ಟೆಯ ಮೇಲಿಟ್ಟಳು.

"ಅತ್ತೆ, ನಾನು ಆಮೇಲೆ ಎಲ್ಲದರಲ್ಲೂ ನಿಧಾನ ಮಾಡ್ಕೊಂಡೆ," ಎಂದಳು. "ನಡೆಯೋದು, ಊಟ ಮಾಡೋದು, ಮಾತಾಡೋದು. ನನ್ನೊಳಗೇ ಏನೋ ಐಬಿದೆ ಅಂದ್ಕೊಂಡಿದ್ದೆ. ಈಗಲೂ ಮಗಳ ಜೊತೆ ನಡೆಯುವಾಗ, ಜೋರಾಗಿ ಹೋಗ್ತಿದ್ದೀನಾ ಅಂತ ಕೇಳ್ತಿರ್ತೀನಿ."

ಟೀಚರ್ ಅವಳ ಕೈ ಹಿಡಿದುಕೊಂಡರು.

"ಅಪ್ಪಂಗೆ ಗೊತ್ತಿತ್ತಾ?" ಎಂದು ಕೇಳಿದಳು ಗುಬ್ಬಿ.

ಈ ಪ್ರಶ್ನೆ ಬಂದೇ ಬರುತ್ತದೆಂದು ಟೀಚರಿಗೆ ಗೊತ್ತಿತ್ತು. ಉತ್ತರವೂ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಆ ಮುಖ ನೋಡಿದರು. ಮೂವತ್ತು ದಾಟಿದ ಹೆಂಗಸಿನ ಮುಖವಲ್ಲ ಅದು, ಅವತ್ತು ಅಳುತ್ತ ಅಪ್ಪನ ಕಡೆ ತಿರುಗಿದ ಹುಡುಗಿಯದು. ಇನ್ನೂ ತಿರುಗಿಯೇ ನಿಂತಿದ್ದಳು.

"ಇಲ್ಲ ಕಣೇ," ಎಂದುಬಿಟ್ಟರು. "ಅವನಿಗೇನು ಗೊತ್ತು ಪಾಪ. ಮಷೀನಿನ ಬೆಲ್ಟು ಸಡಿಲ ಆಗಿತ್ತಂತೆ."

ಗುಬ್ಬಿಯ ಹೆಗಲು ಇಳಿಯಿತು. ಹಾಗಾದರೆ ಸರಿ ಎನ್ನುವಂತೆ ತಲೆಯಾಡಿಸಿ, ಕಣ್ಣೊರೆಸಿಕೊಂಡು, ಅತ್ತೆಗೆ ಕೂರಲು ಸ್ಟೂಲ್ ಎಳೆದು ಕೊಟ್ಟಳು. ಟೀಚರ್ ಕೂತರು. ತಮ್ಮನ ಕೈ ಮೊದಲ ಸಲ ಆ ಸ್ಕ್ರೂವಿನ ಕಡೆಗೆ ಹೋದಾಗ ಅವನಿಗೆ ಹೇಗನಿಸಿರಬೇಕೆಂದು ಅವರಿಗೆ ಈಗ ಚೆನ್ನಾಗಿ ಗೊತ್ತಾಗಿತ್ತು. ಅವನನ್ನು ಇನ್ನು ಬಯ್ಯುವ ಹಾಗೂ ಇರಲಿಲ್ಲ.